ದೊಡ್ಡಪ್ಪನ ಡಬ್ಬದ ರಷ್ಯನ್ ಬ್ಯಾಡ್ಜ್‌ಗಳು: ಬದಲಾಯಿಸಿಕೊಳ್ಳುವ ಮುಂಚೆ ಬೆಲೆ ತಿಳಿಯೋದು ಹೇಗೆ?

ಸುಮಾ_ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಭಾನುವಾರದೊಳಗೆ ಉತ್ತರ ಸಿಕ್ಕರೆ ತುಂಬಾ ಉಪಕಾರ.

ನಮ್ಮ ದೊಡ್ಡಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಟ್ರೈನಿಂಗ್‌ಗೆ ಅಂತ ಎರಡು ಸಲ ಸೋವಿಯತ್ ರಷ್ಯಾಕ್ಕೆ ಹೋಗಿ ಬಂದಿದ್ದರು. 1980ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ. ಹೋದ ವರ್ಷ ತೀರಿಕೊಂಡರು. ಮೊನ್ನೆ ಬೀರು ಖಾಲಿ ಮಾಡುವಾಗ ದೊಡ್ಡಮ್ಮ ಒಂದು ತಗಡಿನ ಬಿಸ್ಕತ್ತಿನ ಡಬ್ಬ ತೆಗೆದು ನನ್ನ ಕೈಗಿಟ್ಟರು, "ನೀನೇ ಇಟ್ಕೋ, ನಿನಗೇ ತಾನೇ ಇದೆಲ್ಲ ಹುಚ್ಚು" ಅಂತ. ನಾನು ಒಲಿಂಪಿಕ್ಸ್ ಪಿನ್ ಸೇರಿಸೋದು ಅವರಿಗೆ ಗೊತ್ತು.

ಡಬ್ಬದಲ್ಲಿ 63 ಬ್ಯಾಡ್ಜ್ ಇವೆ. ಅರ್ಧಕ್ಕಿಂತ ಜಾಸ್ತಿ ಮಾಸ್ಕೋ ಒಲಿಂಪಿಕ್ಸಿನ ಕರಡಿ ಮಿಶಾ. ಓಡುವ ಮಿಶಾ, ಈಜುವ ಮಿಶಾ, ಹಾಕಿ ಸ್ಟಿಕ್ ಹಿಡಿದ ಮಿಶಾ. ಲೆನಿನ್ ಏಳೆಂಟು. ಊರುಗಳ ಲಾಂಛನ ಇರುವ ಬ್ಯಾಡ್ಜ್ ಒಂದಷ್ಟು. ಒಂದರಲ್ಲಿ ಮಿಶಾ ಅಲ್ಲ, ಸೀಲ್ ಮರಿ ಥರದ ಪ್ರಾಣಿ, ಕೆಳಗೆ ಟಾಲಿನ್ ಅಂತ ಇಂಗ್ಲಿಷ್ ಅಕ್ಷರದಲ್ಲಿದೆ. ಇನ್ನೊಂದರಲ್ಲಿ ನಮ್ಮ ಬಾವುಟ, ಅವರ ಬಾವುಟ ಅಕ್ಕಪಕ್ಕ ಇದ್ದು 1984 ಅಂತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಾಣ್ಯ-ಅಂಚೆಚೀಟಿ ಪ್ರದರ್ಶನದಲ್ಲಿ ಪರಿಚಯವಾದ ಒಬ್ಬರು ಡಬ್ಬ ಪೂರ್ತಿ ಕೊಟ್ಟರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಹತ್ತು ಪಿನ್, ಜೊತೆಗೆ 1982ರ ದೆಹಲಿ ಏಷ್ಯನ್ ಗೇಮ್ಸಿನ ಲಾಂಛನ ಆನೆಮರಿ ಅಪ್ಪುವಿನ ಪಿನ್ ಒಂದು ಕೊಡುತ್ತೇನೆ ಅಂದರು. "ನಿಮ್ಮದೆಲ್ಲ ಅಲ್ಯೂಮಿನಿಯಂ ಮೇಡಂ, ಮೂರು ಕಾಸು ಬಾಳಲ್ಲ" ಅಂತಲೂ ಸೇರಿಸಿದರು. ಇರಬಹುದು. ಆದರೆ ನೆಟ್‌ನಲ್ಲಿ ನೋಡಿದರೆ ಅದೇ ಮಿಶಾ ಒಂದು ಕಡೆ ಎರಡು ಡಾಲರ್, ಇನ್ನೊಂದು ಕಡೆ ನೂರೈವತ್ತು ಡಾಲರ್. ಯಾವುದನ್ನು ನಂಬಲಿ?

ಮತ್ತೆ, ಮಂಕಾಗಿದ್ದ ನಾಲ್ಕನ್ನು ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದ್ದಾರೆ. ಉಳಿದವನ್ನೂ ಹಾಗೇ ಮಾಡಲಾ?

ರಘು_ಬಸವನಗುಡಿ

ಸುಮಾ ಅವರೇ, ಮೊದಲು ಹುಣಸೆಹಣ್ಣು ನಿಲ್ಲಿಸಿ. ದಯವಿಟ್ಟು. ಪೀತಾಂಬರಿ, ನಿಂಬೆಹಣ್ಣು, ಯಾವುದೂ ಬೇಡ. ಆ ಬ್ಯಾಡ್ಜ್‌ಗಳ ಹೊಂಬಣ್ಣ ಪದರ ಈರುಳ್ಳಿ ಸಿಪ್ಪೆಗಿಂತ ತೆಳು. ಒಂದು ಸಲ ಉಜ್ಜಿದರೆ ಹೋಯಿತು, ಮತ್ತೆ ಬರಲ್ಲ. ಹುಳಿ ತಾಗಿದ ನಾಲ್ಕನ್ನು ಬರೀ ನೀರಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ಉಳಿದವಕ್ಕೆ ಒಣಗಿದ ಮೆತ್ತನೆ ಬ್ರಷ್ ಸಾಕು.

ಈಗ ಬೆಲೆ ವಿಷಯ. ಎಲ್ಲರೂ ಮುಂದಿನ ಚಿತ್ರ ನೋಡಿ ಬೆಲೆ ಹುಡುಕುತ್ತಾರೆ. ನೀವು ಎಲ್ಲವನ್ನೂ ಒಂದು ಬಿಳಿ ಪಂಚೆಯ ಮೇಲೆ ಬೋರಲು ಹಾಕಿ. ನಾನು 20 ವರ್ಷದಿಂದ ಇವನ್ನು ಸೇರಿಸುತ್ತಿದ್ದೇನೆ, ಕೈಗೆ ಬಂದ ತಕ್ಷಣ ಮಾಡುವುದು ಅದೊಂದನ್ನೇ.

ಯಾಕೆ ಅಂತ ಹೇಳುತ್ತೇನೆ. ರಷ್ಯನ್ನರು ಇದಕ್ಕೆ ಝ್ನಾಚೋಕ್ ಅನ್ನುತ್ತಾರೆ. ಅಲ್ಲಿ ಇದು ಮಕ್ಕಳಿಂದ ಮುದುಕರವರೆಗೆ ಎಲ್ಲರ ಹವ್ಯಾಸ ಆಗಿತ್ತು. ಪ್ರತಿ ಊರಿಗೆ, ಕಾರ್ಖಾನೆಗೆ, ಜಯಂತಿಗೆ, ಆಟದ ಕೂಟಕ್ಕೆ ಒಂದೊಂದು ಬ್ಯಾಡ್ಜ್ ಹೊರಡಿಸುತ್ತಿದ್ದರು. ಬೀದಿ ಬದಿ ಗೂಡಂಗಡಿಯಲ್ಲಿ ಹತ್ತು, ಇಪ್ಪತ್ತು ಕೊಪೆಕ್‌ಗೆ ಸಿಗುತ್ತಿತ್ತು. ನೂರು ಕೊಪೆಕ್ ಸೇರಿದರೆ ಒಂದು ರೂಬಲ್. ಲೆಕ್ಕವಿಲ್ಲದಷ್ಟು ಮಾಡಿದ್ದಾರೆ, ಹಾಗಾಗಿ ಇವತ್ತೂ ಅವು ರಾಶಿ ರಾಶಿ ಸಿಗುತ್ತವೆ. ಆ ಮಟ್ಟಿಗೆ ನಿಮಗೆ ಸಿಕ್ಕ ಮನುಷ್ಯ ಸುಳ್ಳು ಹೇಳಿಲ್ಲ. "ಎಲ್ಲವೂ" ಅಂದದ್ದು ಮಾತ್ರ ತಪ್ಪು. 63ರಲ್ಲಿ 50 ಅಗ್ಗದವೇ ಇರಲಿ, ಉಳಿದ ಹದಿಮೂರು ಯಾವುದು ಅಂತ ಗೊತ್ತಾಗುವ ಮುಂಚೆ ಡಬ್ಬ ಕೈದಾಟಿಸೋದು ಸರಿಯಲ್ಲ ಅಲ್ವಾ?

ಹಿಂಬದಿಯಲ್ಲಿ ಮೊದಲು ಬೆಲೆ ಹುಡುಕಿ. ಇಂಗ್ಲಿಷಿನ ಯು ಅಕ್ಷರಕ್ಕೆ ಬಲಗಡೆ ಪುಟ್ಟ ಬಾಲ ಬಂದ ಹಾಗಿರುವ ಒಂದು ಅಕ್ಷರ, ಆಮೇಲೆ ಸಂಖ್ಯೆ, ಆಮೇಲೆ ಕೆ. ಅದು "ಬೆಲೆ ಇಷ್ಟು ಕೊಪೆಕ್" ಅಂತ. ಬೆಲೆ ಹಾಕಿದ್ದರೆ ಅದು ಅಂಗಡಿಯಲ್ಲಿ ಮಾರಿದ ಸಾಮಾನ್ಯ ಬ್ಯಾಡ್ಜ್. ಕೆಟ್ಟದ್ದು ಅಂತಲ್ಲ, ಸಾಮಾನ್ಯ ಅಂತ ಅಷ್ಟೇ. ಬೆಲೆ ಇಲ್ಲದಿದ್ದರೆ ಅದನ್ನು ಪಕ್ಕಕ್ಕಿಡಿ. ಕೆಲವು ಸಲ ಅದು ಮಾರದೆ, ಯಾರಿಗಾದರೂ ಕೊಟ್ಟಿದ್ದಾಗಿರುತ್ತದೆ.

ಆಮೇಲೆ ಮುದ್ರೆ. ಎರಡು ಎಂ, ಪಕ್ಕದಲ್ಲಿ ಪುಟ್ಟ ಮನೆ ಥರ ಕಾಣುವ ಒಂದು ಅಕ್ಷರ ಇದ್ದರೆ ಅದು ಮಾಸ್ಕೋ ಟಂಕಸಾಲೆಯದು. ಮೊದಲ ಅಕ್ಷರ ತಲೆಕೆಳಗಾದ ವಿ ಥರ ಇದ್ದು, ಆಮೇಲೆ ಎಂ, ಆಮೇಲೆ ಅದೇ ಮನೆ ಇದ್ದರೆ ಲೆನಿನ್‌ಗ್ರಾಡ್ ಟಂಕಸಾಲೆ. ನಾಣ್ಯ ಹೊಡೆಯುವ ಕಡೆ ಮಾಡಿದ್ದು ಅಂದಮೇಲೆ ಕೆಲಸದ ಅಚ್ಚುಕಟ್ಟೇ ಬೇರೆ. ಬೇರೆ ಕಾರ್ಖಾನೆಗಳ ಗುರುತುಗಳೂ ಇರುತ್ತವೆ, ಅವನ್ನೂ ಫೋಟೋ ತೆಗೆದಿಡಿ.

ಚುಚ್ಚುವ ಭಾಗ ನೋಡಿ. ಸೀರೆಗೆ ಹಾಕುವ ಪಿನ್ನಿನ ಥರ ಇದ್ದು, ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗದಿದ್ದರೆ ಅಲ್ಯೂಮಿನಿಯಂ ಸ್ಮರಣಿಕೆ. ಹಿಂದೆ ಸ್ಕ್ರೂ ಕಡ್ಡಿ ಇದ್ದು ದುಂಡನೆ ನಟ್ ತಿರುಗಿಸುವಂತಿದ್ದರೆ, ತೂಕವೂ ಇದ್ದರೆ, ಸಂಖ್ಯೆಯೂ ಕೊರೆದಿದ್ದರೆ ಅದನ್ನು ಯಾರಿಗೂ ಕೊಡಬೇಡಿ, ಮೊದಲು ಇಲ್ಲಿ ಫೋಟೋ ಹಾಕಿ.

ಬಣ್ಣದ ಬಗ್ಗೆಯೂ ಒಂದು ಮಾತು. ಗಾಜಿನ ಪುಡಿ ತುಂಬಿ ಕುಲುಮೆಯಲ್ಲಿ ಸುಟ್ಟ ಎನಾಮೆಲ್ ಬೇರೆ, ಸುಮ್ನೆ ಬಳಿದ ಪೇಂಟ್ ಬೇರೆ. ಕಿಟಕಿ ಹತ್ತಿರ ಹಿಡಿದು ನಿಧಾನಕ್ಕೆ ಓರೆ ಮಾಡಿ. ಎನಾಮೆಲ್ ಆದರೆ ಬೆಳಕು ಗಾಜಿನ ಬಳೆಯ ಮೇಲೆ ಜಾರಿದ ಹಾಗೆ ಜಾರುತ್ತದೆ, ಬಣ್ಣಕ್ಕೆ ಆಳ ಇರುತ್ತದೆ. ಪೇಂಟ್ ಚಪ್ಪಟೆಯಾಗಿ ಕಾಣುತ್ತದೆ. ಉಗುರಿನಲ್ಲೋ ಸೂಜಿಯಲ್ಲೋ ಕೆರೆದು ನೋಡಬೇಡಿ. ಎನಾಮೆಲ್ ಎಲ್ಲಾದರೂ ಚಕ್ಕೆ ಎದ್ದಿದೆಯಾ ನೋಡಿ, ಚಕ್ಕೆ ಎದ್ದರೆ ಬೆಲೆ ಧಡಕ್ಕನೆ ಇಳಿಯುತ್ತದೆ.

ಆ ಸೀಲ್ ಮರಿ ವಿಗ್ರಿ ಅಂತ. ಮಾಸ್ಕೋ ಒಲಿಂಪಿಕ್ಸಿನ ಹಾಯಿದೋಣಿ ಪಂದ್ಯ ಸಮುದ್ರ ಇರುವ ಟಾಲಿನ್‌ನಲ್ಲಿ ನಡೆಯಿತು, ಅದಕ್ಕೆ ಬೇರೆಯದೇ ಲಾಂಛನ ಪ್ರಾಣಿ ಇತ್ತು. ಮಿಶಾ ಸಿಕ್ಕಷ್ಟು ಸುಲಭವಾಗಿ ವಿಗ್ರಿ ಸಿಗಲ್ಲ.

ಎರಡು ಬಾವುಟದ್ದಂತೂ ನೋಡಬೇಕು ಅಂತ ಆಸೆ ಆಗಿದೆ. 1984ರ ಏಪ್ರಿಲ್ 3ಕ್ಕೆ ರಾಕೇಶ್ ಶರ್ಮಾ ಸೋಯುಜ್ ಟಿ-11ರಲ್ಲಿ ಹೋದರಲ್ಲ, ಆ ಯಾನಕ್ಕೆ ಹೊರಡಿಸಿದ ಬ್ಯಾಡ್ಜ್ ಇರಬಹುದು. ಅದನ್ನು ಹುಡುಕುವವರು ಮೂರು ಥರ ಇದ್ದಾರೆ. ಬಾಹ್ಯಾಕಾಶದ ಬ್ಯಾಡ್ಜ್ ಸೇರಿಸುವವರು, ಸೋವಿಯತ್ ಬ್ಯಾಡ್ಜ್ ಸೇರಿಸುವವರು, ಮತ್ತೆ ನಮ್ಮಂಥವರು. ಮಿಶಾಗಳ ಗುಂಪಿನಲ್ಲಿ ಸೇರಿಸಿ ಕೊಟ್ಟುಬಿಡುವ ವಸ್ತು ಅದಲ್ಲ.

ಸವಿತಾ_ಸ್ಯಾನ್‌ಹೋಸೆ

ರಘು ಸರ್ ಹೇಳಿದ್ದು ನಿಮ್ಮ ಕೈಯಲ್ಲಿರುವುದರ ಬಗ್ಗೆ. ನಾನು ಆ ಕಡೆಯವರು ಕೊಡುತ್ತೇನೆ ಅಂದದ್ದರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ 84ರ ಪಿನ್‌ಗಳನ್ನು ಇಲ್ಲಿ ಹಳೇ ಸಾಮಾನಿನ ಮಾರಾಟದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಇಟ್ಟಿರುತ್ತಾರೆ.

ಪಿನ್ ವಿನಿಮಯದ ಹುಚ್ಚು ಸಾಮಾನ್ಯ ಜನರಿಗೆ ಜೋರಾಗಿ ಹತ್ತಿದ್ದು ಆ ಕೂಟದಲ್ಲೇ. ಪ್ರಾಯೋಜಕ ಕಂಪನಿಗಳು ಯದ್ವಾತದ್ವಾ ಪಿನ್ ಹೊಡೆಸಿದವು. ಹದ್ದಿನ ಲಾಂಛನ ಸ್ಯಾಮ್ ಇರುವವಂತೂ ಎಲ್ಲೆಲ್ಲೂ ಇವೆ. ಆ ಹತ್ತೂ ಅಂಥವೇ ಆದರೆ ಅವು ನಿಮ್ಮ ಮಿಶಾಗಳಷ್ಟೇ ಸಾಮಾನ್ಯ. ದೂರದಿಂದ ಬಂದದ್ದು ಅಂತ ನಮಗೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದರಲ್ಲೇ ಬೆಲೆ ಇರುವುದು ದೇಶಗಳ ಒಲಿಂಪಿಕ್ ಸಮಿತಿಯ ಪಿನ್‌ಗಳಿಗೆ. ಅವನ್ನು ಆಟಗಾರರು, ಅಧಿಕಾರಿಗಳು ಕೊಂಡೊಯ್ದು ಕೈಯಿಂದ ಕೈಗೆ ಬದಲಾಯಿಸಿಕೊಂಡಿದ್ದು, ಅಂಗಡಿಯಲ್ಲಿ ಮಾರಿದ್ದಲ್ಲ. ದೇಶದ ಹೆಸರೋ ಬಾವುಟವೋ, ಐದು ಉಂಗುರ, ಜೊತೆಗೆ ವರ್ಷ ಕೂಡ ಹಾಕಿದ್ದರೆ ಒಳ್ಳೆಯದು. ಟೀವಿ, ಪತ್ರಿಕೆಯವರ ಪಿನ್‌ಗಳಿಗೂ ಕೇಳುವವರಿದ್ದಾರೆ. ಆ ಹತ್ತರಲ್ಲಿ ಇಂಥದ್ದು ಎಷ್ಟಿವೆ ಅಂತ ಭಾನುವಾರಕ್ಕೆ ಮುಂಚೆಯೇ ಫೋಟೋ ತರಿಸಿಕೊಳ್ಳಿ. ಮುಂದಿನದ್ದೂ ಹಿಂದಿನದ್ದೂ.

ಇನ್ನು ಎರಡು ಡಾಲರಾ, ನೂರೈವತ್ತಾ ಅನ್ನೋ ಪ್ರಶ್ನೆ. ಅಂಗಡಿಯವನು ಕೇಳಿದ್ದೆಲ್ಲ ಬೆಲೆ ಆಗಲ್ಲ, ಗಿರಾಕಿ ಕೊಟ್ಟಿದ್ದು ಬೆಲೆ. ನೂರೈವತ್ತಕ್ಕೆ ಹಾಕಿದವನು ಮೂರು ವರ್ಷದಿಂದ ಹಾಗೇ ಹಾಕಿಕೊಂಡು ಕೂತಿರಬಹುದು. ಇಬೇ ಭಾರತದ ಸೈಟ್ ಈಗಿಲ್ಲ, ಆದರೆ ಅಮೆರಿಕದ ಇಬೇಯನ್ನು ಅಲ್ಲಿಂದಲೇ ತೆರೆದು ನೋಡಬಹುದು. ಹುಡುಕಿದ ಮೇಲೆ ಫಿಲ್ಟರ್‌ನಲ್ಲಿ ಸೋಲ್ಡ್ ಐಟಮ್ಸ್ ಅಂತಿದೆ, ಅದನ್ನು ಒತ್ತಿ. ಈಚಿನ ಕೆಲವು ತಿಂಗಳಲ್ಲಿ ನಿಜವಾಗಿ ಮಾರಾಟ ಆದವು ಮಾತ್ರ ಬರುತ್ತವೆ. ನಿಮ್ಮದರ ಥರದ್ದೇ ಐದಾರು ಮಾರಾಟ ಬರೆದುಕೊಳ್ಳಿ. ಮೇಲಿನದೊಂದು, ಕೆಳಗಿನದೊಂದು ಬಿಡಿ. ಮಧ್ಯದಲ್ಲಿ ಉಳಿದದ್ದು ಹೆಚ್ಚುಕಡಿಮೆ ಅದರ ಬೆಲೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಐವತ್ತು ಬ್ಯಾಡ್ಜಿನ ಗಂಟು ಮಾರಿದ ಬೆಲೆ ನೋಡಿ ಅದೇ ಒಂದರ ಬೆಲೆ ಅಂದುಕೊಳ್ಳುವುದು. ಇನ್ನೊಂದು ಅಂಚೆ ಖರ್ಚು. ಈ ಬ್ಯಾಡ್ಜ್ ಮಾರುವವರು ಉಕ್ರೇನ್, ಲಾಟ್ವಿಯಾ, ಲಿಥುವೇನಿಯಾ ಕಡೆಯವರು ಜಾಸ್ತಿ. ಎರಡು ಡಾಲರ್ ಬ್ಯಾಡ್ಜಿಗೆ ಅಂಚೆ ಖರ್ಚೇ ಅದರ ಎಷ್ಟೋ ಪಟ್ಟು ಆಗುತ್ತದೆ. ಹಾಗಾಗಿ ಹಾಸನದಲ್ಲಿ ಕೈಗೆ ಸಿಗುವ ಮಿಶಾಗೆ ನಮ್ಮ ದೇಶದ ಸಂಗ್ರಾಹಕ ಸ್ವಲ್ಪ ಜಾಸ್ತಿ ಕೊಡಲು ಒಪ್ಪಿದರೆ ಅದು ಮೋಸ ಅಲ್ಲ, ನ್ಯಾಯವೇ.

ರಷ್ಯನ್ ಓದಕ್ಕೆ ಬರಲ್ಲ ಅಂತ ಹೆದರಬೇಡಿ. ಫೋನಿನ ಗೂಗಲ್ ಲೆನ್ಸ್ ಬ್ಯಾಡ್ಜಿನ ಮೇಲೆ ಹಿಡಿದರೆ ಅಕ್ಷರ ಗುರುತಿಸುತ್ತದೆ. ಆ ರಷ್ಯನ್ ಅಕ್ಷರಗಳನ್ನೇ ಕಾಪಿ ಮಾಡಿ ಹುಡುಕಿ. ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗದ ಎಷ್ಟೋ ಪುಟ ಹಾಗೆ ಸಿಗುತ್ತವೆ, ನನ್ನ ಸುಮಾರು ಬ್ಯಾಡ್ಜ್‌ಗಳ ಹೆಸರು ನನಗೆ ಗೊತ್ತಾಗಿದ್ದೇ ಹಾಗೆ.

ಅಪ್ಪು ಪಿನ್ ಮಾತ್ರ ನಿಮಗೆ ಇಷ್ಟ ಆದರೆ ತಗೊಳ್ಳಿ. ಇಲ್ಲಿ ಅಪ್ಪು ಅಂದರೆ ಯಾರಿಗೂ ಗೊತ್ತಿಲ್ಲ, ನಮ್ಮಲ್ಲಿ ಅದನ್ನು ನೋಡಿ ಬೆಳೆದವರಿದ್ದಾರೆ. ಅದಕ್ಕೆ ಬೆಲೆ ಇರುವುದು ನಮ್ಮಲ್ಲೇ.

ಪ್ರಕಾಶ_ಧಾರವಾಡ

ಅಕ್ಕಾ, ನಾನು ಇದರಲ್ಲಿ ಒಂದು ಸಲ ಕೈಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರ ಜೊತೆ ಅದಲು ಬದಲು ಮಾಡಿಕೊಂಡೆ. ನಾನು ಕೊಟ್ಟಿದ್ದು ನಮ್ಮ ಮಾವನವರ ಕಡೆಯಿಂದ ಬಂದ ಸ್ಕ್ರೂ ಇದ್ದ ಒಂದು ರಷ್ಯನ್ ಬ್ಯಾಡ್ಜ್, ಹಿಂದೆ ಸಂಖ್ಯೆ ಇತ್ತು. ಅದರರ್ಥ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ತಗೊಂಡಿದ್ದು ಒಂದು ಅಪ್ಪು ಪಿನ್. ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ನೋಡುತ್ತೇನೆ, ಕಾಗದದ ಮೇಲೆ ಪ್ರಿಂಟ್ ಮಾಡಿ ಮೇಲೆ ಪ್ಲಾಸ್ಟಿಕ್ ಹನಿ ಬಿಟ್ಟ ಪಿನ್ ಅದು. ಹಿಂದಿನ ತಗಡು ಹೊಸ ಚಮಚದ ಹಾಗೆ ಫಳಫಳ. 1982ರದ್ದು ಅಷ್ಟು ಹೊಸದಾಗಿ ಇರುತ್ತದಾ? ಫೋನ್ ಮಾಡಿದರೆ ಆ ಮನುಷ್ಯ ಎತ್ತಲಿಲ್ಲ. ನನ್ನ ಬ್ಯಾಡ್ಜಿನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಮಾವನವರು ಎರಡು ಸಲ ಕೇಳಿದರು, "ಅದು ಎಲ್ಲಿ ಇಟ್ಟೀರಿ?" ಅಂತ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಹೇಳೋದು, 63ರದ್ದೂ ಎರಡು ಬದಿ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ನಂಬರ್ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಭೇಟಿ ಬೆಳಗ್ಗೆ ಇಟ್ಟುಕೊಳ್ಳಿ, ಬೆಳಕಿರುವ ಕಡೆ. ಒಂದು ಭೂತಗನ್ನಡಿ ಜೊತೆಗಿರಲಿ. ಅವರ ಪಿನ್ ಹಿಂದೆ ತಿರುಗಿಸಿ ನೋಡಲು ಬಿಡದಿದ್ದರೆ ಚಹಾ ಕುಡಿದು ಎದ್ದು ಬನ್ನಿ. "ಇವತ್ತೇ ಹೇಳಿ, ಬೇರೆಯವರು ಕಾಯ್ತಿದ್ದಾರೆ" ಅಂದರೂ ಅಷ್ಟೇ.

ಇನ್ನೊಂದು, ಹಾಕಿ ಸ್ಟಿಕ್ ಹಿಡಿದ ಮಿಶಾ ಕೊಡಬೇಡಿ ಅಕ್ಕಾ. ಆ ಒಲಿಂಪಿಕ್ಸಿನಲ್ಲೇ ನಾವು ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4-3ಕ್ಕೆ ಗೆದ್ದು ಹಾಕಿ ಚಿನ್ನ ತಂದಿದ್ದು, ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು. ಇಬೇಯಲ್ಲಿ ಅದು ಎಷ್ಟಕ್ಕೆ ಬೇಕಾದರೂ ಹೋಗಲಿ, ನಮ್ಮ ಕಡೆಯವರ ಕೈಯಲ್ಲಿ ಅದಕ್ಕೆ ಬೇರೆಯೇ ತೂಕ.

ಸುಮಾ_ಹಾಸನ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿನ್ನೆ ರಾತ್ರಿ ಹನ್ನೊಂದರವರೆಗೆ ನಾನು, ಅಮ್ಮ, ದೊಡ್ಡಮ್ಮ ಮೂರೂ ಜನ ನೆಲದ ಮೇಲೆ ಕೂತು ಬ್ಯಾಡ್ಜ್ ತಿರುಗಿಸಿದೆವು.

ಲೆಕ್ಕ ಹೀಗಿದೆ. ಬಾಲದ ಯು ಮತ್ತು ಬೆಲೆ ಇರುವವು 44. ಇದರಲ್ಲಿ ಒಂದೇ ಥರದ ಮಿಶಾ ಎರಡು ಮೂರು ಇರುವುದೂ ಸೇರಿದೆ. ಬೆಲೆ ಇಲ್ಲದವು 18. ಅದರಲ್ಲಿ ಎರಡರ ಹಿಂದೆ ಎರಡು ಎಂ, ಮನೆ ಇದೆ, ನೋಡಿದ ತಕ್ಷಣ ಗೊತ್ತಾಯಿತು, ದೊಡ್ಡಮ್ಮನೇ ಮೊದಲು ಕಂಡುಹಿಡಿದಿದ್ದು! ಎರಡು ಬಾವುಟದ್ದು ಉಳಿದವಕ್ಕಿಂತ ದಪ್ಪ. ಓರೆ ಮಾಡಿದರೆ ಕೇಸರಿ ಬಣ್ಣದ ಮೇಲೆ ಬೆಳಕು ರಘು ಸರ್ ಹೇಳಿದ ಹಾಗೇ ಜಾರುತ್ತದೆ.

ಉಳಿದದ್ದು ಒಂದೇ ಒಂದು. ಸ್ಕ್ರೂ ಇರುವುದು. ಕಡು ಕೆಂಪು, ಚಕ್ರದ ಹಲ್ಲುಗಳ ಚಿತ್ರ, ಹಿಂದೆ ನಾಲ್ಕಂಕಿ ಸಂಖ್ಯೆ. ಲೆನ್ಸ್ ಹಿಡಿದರೆ ಒಂದು ಕಾರ್ಖಾನೆಯ ಹೆಸರು ಬಂತು.

ರಘು_ಬಸವನಗುಡಿ

ಆ ಒಂದನ್ನು ಪಕ್ಕಕ್ಕಿಡಿ. ದೊಡ್ಡಮ್ಮನವರನ್ನು ಕೇಳಿ, ದೊಡ್ಡಪ್ಪನವರ ಹಳೇ ಕಾಗದಪತ್ರದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ, ದಪ್ಪ ರಟ್ಟಿನ ಮಡಚುವ ಪುಸ್ತಕ ಏನಾದರೂ ಇದೆಯಾ ಅಂತ. ಯಾರಿಗಾದರೂ ಗೌರವಕ್ಕೆ ಕೊಟ್ಟ ಬ್ಯಾಡ್ಜ್ ಆದರೆ ಜೊತೆಗೆ ಅಂಥದ್ದೊಂದು ಪ್ರಮಾಣಪತ್ರ ಕೊಡುವುದಿತ್ತು. ಬ್ಯಾಡ್ಜ್ ಒಂದೇ ಇದ್ದರೆ ಒಂದು ಬೆಲೆ, ಹೆಸರು ಬರೆದ ಪುಸ್ತಕ ಜೊತೆಗಿದ್ದರೆ ಇನ್ನೊಂದು ಬೆಲೆ.

44ರಲ್ಲಿ ಎರಡೆರಡು ಇರುವುದನ್ನು ಮಾತ್ರ ಭಾನುವಾರ ತಗೊಂಡು ಹೋಗಿ. ಪೂರ್ತಿ ಡಬ್ಬ ಮನೆಯಲ್ಲೇ ಇರಲಿ. ಡಬ್ಬ ಎದುರಿಗಿದ್ದರೆ ಮಾತು ಮತ್ತೆ ಡಬ್ಬಕ್ಕೇ ಬರುತ್ತದೆ. ಒಂದು ಕಡೆಗೆ ನಿಮ್ಮ ಬ್ಯಾಡ್ಜ್‌ಗಳ ಮಾರಾಟದ ಬೆಲೆ ಕೂಡಿಸಿ, ಇನ್ನೊಂದು ಕಡೆಗೆ ಅವರ ಪಿನ್‌ಗಳದ್ದು. ಎರಡಕ್ಕೂ ಒಂದೇ ಅಳತೆ ಹಿಡಿಯಿರಿ. ನಮ್ಮದಕ್ಕೆ ಮಾರಾಟದ ಬೆಲೆ, ಅವರದಕ್ಕೆ ಕೇಳುವ ಬೆಲೆ ಅಂತ ಆಗಬಾರದು.

ಇಡುವಾಗ ಮೆತ್ತಗಿನ ಅಗ್ಗದ ಪ್ಲಾಸ್ಟಿಕ್ ಆಲ್ಬಮ್ ಬೇಡ. ಪಿವಿಸಿ ಆದರೆ ನಮ್ಮ ಸೆಕೆಗೆ ಬೆವರಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ದಪ್ಪ ಹತ್ತಿ ಬಟ್ಟೆಯ ಮೇಲೆ ಚುಚ್ಚಿ, ಸುರುಳಿ ಸುತ್ತಿ ಇಡಿ.

ಸುಮಾ_ಹಾಸನ

ಭಾನುವಾರ ಹೋಗಿ ಬಂದೆ. ಸವಿತಾ ಅವರು ಹೇಳಿದ ಹಾಗೆ ಹತ್ತರಲ್ಲಿ ಏಳು ಹದ್ದಿನವೇ, ಎರಡು ಕಂಪನಿಗಳವು. ಒಂದು ಮಾತ್ರ ಒಂದು ದೇಶದ ಸಮಿತಿಯದು, ವರ್ಷವೂ ಇದೆ. ನಾನು ಆ ಒಂದು, ಒಂದು ಹದ್ದು, ಮತ್ತೆ ಅಪ್ಪು ಕೇಳಿದೆ. ಅಪ್ಪು ಹಿಂಬದಿ ನೋಡಿದೆ ಪ್ರಕಾಶ್, ಹಳೆಯದೇ, ತಗಡು ಕಪ್ಪಾಗಿದೆ, ಕಾಗದ ಅಲ್ಲ. ಬದಲಿಗೆ ಹದಿನಾರು ಮಿಶಾ ಕೊಟ್ಟೆ, ಎಲ್ಲವೂ ನನ್ನ ಹತ್ತಿರ ಇನ್ನೊಂದೊಂದು ಇರುವಂಥವು. ನೋಟ್‌ಬುಕ್ ತೆಗೆದು ಬೆಲೆ ತೋರಿಸಿದ ಮೇಲೆ ಅವರೂ ತಕರಾರು ಮಾಡಲಿಲ್ಲ. ಎರಡು ಬಾವುಟದ್ದು ಇದೆಯಾ ಅಂತ ಮೂರು ಸಲ ಕೇಳಿದರು. ಇದೆ, ಕೊಡಲ್ಲ ಅಂದೆ.

ರಟ್ಟಿನ ಪುಸ್ತಕ ಸಿಕ್ಕಿತು ರಘು ಸರ್. ದೊಡ್ಡಪ್ಪನ ಹಳೇ ಪಾಸ್‌ಪೋರ್ಟಿನ ಕವರ್ ಒಳಗಿತ್ತು. ಒಳಗೆ ನೀಲಿ ಶಾಯಿಯಲ್ಲಿ ಕೈಬರಹ, ಲೆನ್ಸ್ ಹಿಡಿದರೆ ದೊಡ್ಡಪ್ಪನ ಹೆಸರೇ, ರಷ್ಯನ್ ಅಕ್ಷರದಲ್ಲಿ, ಅಪ್ಪನ ಹೆಸರು ಸಮೇತ. ಬ್ಯಾಡ್ಜಿನ ಹಿಂದಿನ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಒಂದೇ. ದೊಡ್ಡಮ್ಮ ಅದನ್ನು ವಾಪಸ್ ತಗೊಂಡು ದೇವರ ಗೂಡಿನ ಡ್ರಾಯರ್‌ನಲ್ಲಿ ಇಟ್ಟಿದ್ದಾರೆ. ಎರಡು ಬಾವುಟದ್ದರ ಹಿಂಬದಿ ಫೋಟೋ ಸಂಜೆ ಹಾಕುತ್ತೇನೆ, ಅಂಚಿನಲ್ಲಿ ಒಂದು ಚಿಕ್ಕ ಗುರುತಿದೆ, ನನಗೆ ಓದಕ್ಕೆ ಆಗುತ್ತಿಲ್ಲ.